ಹಲ್ಲು ಬಂದ ಮೇಲೆ ತೋರಿಸುವ ಮರ

ಹುನಗುಂದದ ಕಡೆ ಒಂದು ಜವಳು ಇತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ನನ್ನ ಮೊಮ್ಮಕ್ಕಳಂತೂ ಅಜ್ಜಿಗೆ ಅರಳುಮರಳು ಎಂದು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಆ ಬಿಸಿಲು, ಆ ಕೆಂಪುಕಲ್ಲು, ಅಲ್ಲಿ ಎಲ್ಲಿಯ ಕೆಸರು ಎನ್ನುತ್ತಾರೆ. ಇತ್ತು. ಹನ್ನೆರಡು ತಿಂಗಳೂ ಕಾಲು ಹುಗಿಯುವಷ್ಟು ಕೆಸರು ಇತ್ತು. ನಿನ್ನೆ ಉಂಡ ಪಲ್ಯ ಯಾವುದೆಂದು ನಾನು ಮರೆತಿರಬಹುದು, ಆ ಜವಳನ್ನು ಮರೆಯುವ ಭಾಗ್ಯ ನನಗಿಲ್ಲ.

ಐಹೊಳೆಯಿಂದ ಎರಡು ಹರದಾರಿ ದೂರದ ಊರು ಅದು. ಹೆಸರು ಬೇಡ. ಊರ ಹಿಂದೆ ಗುಡ್ಡ, ಊರ ಮುಂದೆ ಒಂದು ಮೈಲಿಯಾಚೆ ಮಲಪ್ರಭೆ ಹೊಳೆ. ಗುಡ್ಡದ ಬುಡದ ಬಂಡೆಯ ಸಂದಿಯಿಂದ ಒಂದು ಸೆಲೆ ಸದಾ ಜಿನುಗುತ್ತಿತ್ತು. ಆ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲದೆ ತಗ್ಗಿನಲ್ಲೇ ಹರಡಿ ನಿಂತು, ನಾಲ್ಕೈದು ಎಕರೆ ನೆಲ ಯಾವಾಗಲೂ ಹಸಿಯಾಗಿರುತ್ತಿತ್ತು. ಆ ಹಸಿಯ ತುಂಬ ಈಚಲ ಮರಗಳು. ಉದ್ದನೆಯವು, ಗಿಡ್ಡನೆಯವು, ಮುದಿಯವು, ನಿನ್ನೆ ಮೊನ್ನೆ ಎದ್ದ ಸಸಿಗಳು, ಎಲ್ಲ ಒಂದರ ಮೈಗೆ ಒಂದು ಆತು ನಿಂತಿದ್ದವು. ಬೇಸಿಗೆಯಲ್ಲಿ ಕಿತ್ತಳೆ ಬಣ್ಣದ ಸಣ್ಣ ಹಣ್ಣಿನ ಗೊನೆಗಳು; ಗರಿಗಳ ತುದಿಗೆ ಗೀಜಗನ ಗೂಡುಗಳು. ಗಾಳಿ ಬೀಸಿದರೆ ಒಣ ಗರಿಗಳು ಒಂದಕ್ಕೊಂದು ತಾಗಿ ಕಟಕಟ ಎನ್ನುತ್ತಿದ್ದವು. ಆ ಸದ್ದು ಊರಿನ ಕೊನೆಯ ಮನೆಯವರೆಗೆ ಕೇಳುತ್ತಿತ್ತು. ಕೊನೆಯ ಮನೆ ನಮ್ಮದೇ ಆಗಿತ್ತು.

ನಾನು ಬಾಗಲಕೋಟೆಯವಳು. ಹೆಣ್ಣುಮಕ್ಕಳು ಮೂರನೆಯ ಇಯತ್ತೆಗೇ ಸಾಲಿ ಬಿಡುತ್ತಿದ್ದ ಕಾಲದಲ್ಲಿ ಮುಲ್ಕಿ ಪರೀಕ್ಷೆ, ಅಂದರೆ ಏಳನೆಯ ಇಯತ್ತೆ, ಪಾಸಾದವಳು. ಇದನ್ನು ಆಗ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದೆ, ಅಷ್ಟು ಸೊಕ್ಕು. ನಮ್ಮವರು ಆ ಊರಿನ ಸಾಲಿಯ ಮಾಸ್ತರರು. ಒಳ್ಳೆಯ ಮನುಷ್ಯ. ಒಳ್ಳೆಯವರಾಗಿದ್ದದ್ದೇ ನನಗೆ ಆಮೇಲೆ ಕಷ್ಟವಾಯಿತು. ಕೆಟ್ಟವರಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ಊರವರ ಅರ್ಜಿ ಕಾಗದಗಳನ್ನೆಲ್ಲ ಅವರೇ ಬರೆದುಕೊಡುತ್ತಿದ್ದರು, ಆದರೆ ಅವರ ಅಕ್ಷರ ಕೋಳಿ ಕೆದರಿದ ಹಾಗೆ. ನನ್ನ ಅಕ್ಷರ ದುಂಡಗೆ. ಹೀಗಾಗಿ ಅವರು ಗೀಚಿದ್ದನ್ನು ಚೊಕ್ಕ ಮಾಡಿ ಬರೆಯುವುದು ನನ್ನ ಪಾಲಿಗೆ ಬಂತು. ನನಗೂ ಅದು ಭಾರಿ ಹೆಮ್ಮೆಯ ಕೆಲಸವೇ ಆಗಿತ್ತು.

ಮೊದಲು ಮಗಳು ಹುಟ್ಟಿದಳು. ಬಾಗಲಕೋಟೆಯ ತವರಿನಲ್ಲಿ ಹೆತ್ತು, ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಊರಿಗೆ ಬಂದೆ. ಶ್ರಾವಣದಲ್ಲಿ ಅವಳಿಗೆ ನಡುಕದ ಜ್ವರ ಬಂತು. ಆ ಊರಲ್ಲಿ ಮಳೆಗಾಲದಲ್ಲಿ ಜ್ವರ ಮಲಗದ ಮನೆ ಇರಲಿಲ್ಲ. ಚಕ್ಕಡಿ ಕಟ್ಟಿಸಿಕೊಂಡು ಹುನಗುಂದದ ದವಾಖಾನೆಗೆ ಹೋದೆವು. ಡಾಕ್ಟರರು ತಮ್ಮಿಂದ ಆದದ್ದನ್ನೆಲ್ಲ ಮಾಡಿದರು. ಮರಳಿ ಬಂದ ಮೂರನೆಯ ಮುಂಜಾನೆ ಎದೆಗೆ ಹಾಕಿಕೊಂಡರೆ ಕೂಸು ಚೀಪಲಿಲ್ಲ. ಏಳು ತಿಂಗಳಾಗಿತ್ತು. ಒಂದು ಹಲ್ಲೂ ಬಂದಿರಲಿಲ್ಲ.

ಹಲ್ಲಿನ ಮಾತು ಯಾಕೆ ಎತ್ತಿದೆನೆಂದರೆ, ಆ ಊರಿನಲ್ಲಿ ಎಲ್ಲವೂ ಹಲ್ಲಿನ ಮೇಲೆಯೇ ನಿಂತಿತ್ತು. ಹಲ್ಲು ಬಂದ ಕೂಸು ತೀರಿಕೊಂಡರೆ ಗಂಡಸರು ಒಯ್ದು ಮಣ್ಣು ಮಾಡುತ್ತಿದ್ದರು. ಹಲ್ಲು ಬಾರದ ಕೂಸು ಹೆಂಗಸರದು. ಅದನ್ನು ಒಯ್ಯುವವಳು ಒಬ್ಬ ಮುದುಕಿ. ಜವಳಿನ ಗರಿ ಕೊಯ್ದು ಚಾಪೆ, ಕಸಬರಿಗೆ ಮಾಡಿ ಇಳಕಲ್ಲಿನ ಸಂತೆಗೆ ಹೊತ್ತೊಯ್ಯುವುದು ಅವಳ ಕಸುಬು. ಊರ ಸೂಲಗಿತ್ತಿಯೂ ಅವಳೇ. ಎಲ್ಲರೂ ಅವಳನ್ನು ಆಯಿ ಎಂದು ಕರೆಯುತ್ತಿದ್ದರು.

ತಾಯಿ ಉಟ್ಟ ಸೀರೆಯ ಅಂಚನ್ನು, ನಮ್ಮ ಕಡೆ ದಡಿ ಎನ್ನುತ್ತೇವೆ, ಒಂದು ಗೇಣು ಹರಿದುಕೊಂಡು, ಕೂಸನ್ನು ಹೊಸ ಚಾಪೆಯಲ್ಲಿ ಸುತ್ತಿ ಎದೆಗವಚಿಕೊಂಡು ಆಯಿ ಒಬ್ಬಳೇ ಜವಳಿಗೆ ನಡೆಯುತ್ತಿದ್ದಳು. ಒಂದು ಈಚಲ ಮರದ ಬುಡದಲ್ಲಿ ಕೂಸನ್ನು ಇಟ್ಟು ಮಣ್ಣು ಮುಚ್ಚಿ, ಮರಕ್ಕೆ ಆ ದಡಿ ಕಟ್ಟಿ ಬರುತ್ತಿದ್ದಳು. ಯಾವ ಮರ ಎಂದು ಹೆತ್ತವಳಿಗೂ ಹೇಳುತ್ತಿರಲಿಲ್ಲ. ಆ ತಾಯಿಗೆ ಮುಂದೆ ಇನ್ನೊಂದು ಕೂಸು ಹುಟ್ಟಿ, ಅದಕ್ಕೆ ಮೊದಲ ಹಲ್ಲು ಮೂಡಿದ ಮೇಲೆ ಮಾತ್ರ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸುತ್ತಿದ್ದಳು. ತಾಯಿ ಆ ಬುಡಕ್ಕೆ ಎದೆಹಾಲು ಹಿಂಡಿ ಬರಬೇಕು. ಆಗ ಹೋದ ಕೂಸಿನ ಹೊಟ್ಟೆ ತುಂಬುತ್ತದೆ, ತಾಯಿಯ ಹಿಂದೆ ಅಲೆಯುವುದನ್ನು ಬಿಡುತ್ತದೆ. ಅಲ್ಲಿಯತನಕ ಅದು ಹಸಿದುಕೊಂಡೇ ಇರುತ್ತದೆ.

ಇದೆಲ್ಲ ಗಂಡಸರಿಗೆ ಗೊತ್ತಿರಲಿಲ್ಲ. ಅವರಿಗೆ "ಹೊಳಿಗೆ ಒಯ್ದೇವಿ" ಎಂದು ಹೇಳುವುದು. ಜವಳಿನಲ್ಲಿ ನೇತಾಡುವ ಸೀರೆಯ ಚೂರುಗಳನ್ನು ಅವರು ದೇವಿಯ ಹರಕೆ ಎಂದುಕೊಂಡಿದ್ದರು, ಹೆಂಗಸರೂ ಹೌದು ಹೌದು ಎನ್ನುತ್ತಿದ್ದರು. ತಂದೆಯ ಕಿವಿಗೆ ಬಿದ್ದರೆ ಮುಂದಿನ ಕೂಸು ನಿಲ್ಲುವುದಿಲ್ಲ ಎಂಬ ಹೆದರಿಕೆ. ಊರಿಗೆ ಹೊಸದಾಗಿ ಬಂದಾಗ ಇದನ್ನು ಕೇಳಿ ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದೆ. ಆಯಿ ನನ್ನ ಮಡಿಲಿನಿಂದ ಮಗಳನ್ನು ಎತ್ತಿಕೊಂಡಾಗ ನನ್ನ ಮುಲ್ಕಿ ಎಲ್ಲಿ ಹೋಗಿತ್ತೋ ಏನೋ! ನಾನೇ ನನ್ನ ಮದುವೆಯ ಇಳಕಲ್ ಸೀರೆಯ ಕೆಂಪು ದಡಿಯನ್ನು ಹಲ್ಲಿನಿಂದ ಕಚ್ಚಿ ಹರಿದುಕೊಟ್ಟೆ.

ಅವಳು ಮರಳಿ ಬಂದಾಗ ಕಾಲು ಮೊಣಕಾಲಿನತನಕ ಕೆಸರಾಗಿತ್ತು.

"ಎಲ್ಲಿ ಇಟ್ರಿ, ಆಯಿ?" ಎಂದೆ.

"ಈಗ ಕೇಳಬ್ಯಾಡ ಯವ್ವಾ. ಮುಂದಿನದಕ್ಕ ಹಲ್ಲು ಬರ್ಲಿ, ಕೈ ಹಿಡಿದು ತೋರಸ್ತೇನಿ. ಅಲ್ಲೀತನಕ ನಿನ್ನ ಗಂಡಗೂ ಹೇಳಬ್ಯಾಡ. ನನಗ ಒಂದೊಂದು ಗಿಡದ ಗುರ್ತು ಐತಿ."

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ನಲವತ್ತು ವರ್ಷ ಆ ಮರಗಳ ಗರಿ ಕೊಯ್ದವಳು ಅವಳು. ಯಾವುದರ ಗರಿ ಉದ್ದ, ಯಾವುದರ ಮುಳ್ಳು ಕೆಟ್ಟದ್ದು, ಯಾವುದರ ತಲೆ ಯಾವ ಕಡೆ ವಾಲಿದೆ ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಕೂಸಿರುವ ಮರದ ಗರಿಯನ್ನು ಮಾತ್ರ ತಾಯಿ ಹಾಲು ಹಾಕುವತನಕ ಕೊಯ್ಯುತ್ತಿರಲಿಲ್ಲ.

ನನ್ನ ಎದೆಯಲ್ಲಿ ಹಾಲು ಕಟ್ಟಿಕೊಂಡಿತು. ಹಾಲು ಇಂಗಲೆಂದು ಎದೆಗೆ ಮಲ್ಲಿಗೆ ಕಟ್ಟಿದರು, ಬಿಗಿಯಾಗಿ ಬಟ್ಟೆ ಸುತ್ತಿದರು, ಏನೂ ಆಗಲಿಲ್ಲ. ಜವಳಿನ ಕಡೆಯಿಂದ ಗಾಳಿ ಬಂದು ಗರಿ ಕಟಕಟ ಎಂದರೆ ಸಾಕು, ಕುಪ್ಪಸ ತೊಯ್ದುಹೋಗುತ್ತಿತ್ತು. ರೊಟ್ಟಿ ಬಡಿಯುತ್ತಿದ್ದರೂ ಅಷ್ಟೇ, ನೀರು ಸೇದುತ್ತಿದ್ದರೂ ಅಷ್ಟೇ. ಹೆದರಿಕೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ? ಅದರ ಜೊತೆಗೇ ಸದ್ದು ನಿಂತರೆ ಜೀವ ಚಡಪಡಿಸುತ್ತಿತ್ತು. ಗಾಳಿಯಿಲ್ಲದ ಮಧ್ಯಾಹ್ನಗಳಲ್ಲಿ ಹಿತ್ತಲ ಬಾಗಿಲಲ್ಲಿ ನಿಂತು ಕಿವಿಗೊಟ್ಟು ಕಾಯುತ್ತಿದ್ದೆ.

ನಮ್ಮವರು ಅಳಲಿಲ್ಲ. ಸಾಲಿ ಬಿಟ್ಟ ಮೇಲೆ ದಿನಾಲೂ ಹೊಳೆಯ ಕಡೆ ಹೋಗತೊಡಗಿದರು. ಒಂದು ದಿನ ನಾನು ಬಟ್ಟೆ ಒಗೆಯಲು ಹೋದಾಗ ನೋಡಿದೆ. ದಂಡೆಯ ಮೇಲೆ ಚಪ್ಪಲಿ ಬಿಟ್ಟು, ನೀರಿನ ಕಡೆ ಮುಖ ಮಾಡಿ ಕೈಕಟ್ಟಿ ನಿಂತಿದ್ದರು. ಮಗಳು ಹೊಳೆಯಲ್ಲಿದ್ದಾಳೆ ಎಂದೇ ಅವರಿಗೆ ಗೊತ್ತು. ಹೋಗಿ ತೋಳು ಹಿಡಿದು, ಇಲ್ಲಿ ಅಲ್ಲ ಎನ್ನಬೇಕೆನಿಸಿತು. ಮುಂದಿನ ಕೂಸು ನೆನಪಾಗಿ ಬಾಯಿ ಬಿಡಲಿಲ್ಲ.

ನಾನೂ ಜವಳಿನ ಅಂಚಿನಲ್ಲಿ ನಿಂತು ನನ್ನ ಕೆಂಪು ದಡಿಗಾಗಿ ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದೆ. ಒಳಗೆ ಕಾಲಿಡುವಂತಿರಲಿಲ್ಲ. ಅಲ್ಲಿ ಚೂರುಗಳು ಒಂದೇ ಎರಡೇ! ಬಿಸಿಲು ಮಳೆಗೆ ಎಲ್ಲವೂ ಒಂದೇ ಮಣ್ಣುಬಣ್ಣಕ್ಕೆ ತಿರುಗಿದ್ದವು. ಉಳಿದ ನೂಲನ್ನು ಗೀಜಗಗಳು ಕಿತ್ತೊಯ್ದು ಗೂಡಿಗೆ ಹೆಣೆದುಕೊಂಡಿದ್ದವು. ಎಷ್ಟು ನೋಡಿದರೂ ನನ್ನದು ಕಾಣಲಿಲ್ಲ.

ಅದೇ ದೀಪಾವಳಿಯ ಹಿಂದೆಮುಂದೆ ನಮ್ಮವರು ಹುನಗುಂದದ ಕಚೇರಿಗೆ ಒಂದು ಅರ್ಜಿ ಬರೆದರು. ಜ್ವರ ಬರುವುದು ಸೊಳ್ಳೆಯಿಂದ, ಸೊಳ್ಳೆ ಹುಟ್ಟುವುದು ನಿಂತ ನೀರಿನಿಂದ ಎಂದು ಯಾವುದೋ ಸರಕಾರಿ ಹೊತ್ತಿಗೆಯಲ್ಲಿ ಓದಿದ್ದರು. ಕಾಲುವೆ ತೋಡಿ ಜವಳಿನ ನೀರನ್ನು ಹಳ್ಳಕ್ಕೆ ಬಿಡಬೇಕು, ಮರ ಕಡಿದು ನೆಲ ಚೊಕ್ಕ ಮಾಡಿ ಜೋಳ ಬಿತ್ತಬೇಕು ಎಂದು ಅರ್ಜಿ. ಊರಿನ ಗಂಡಸರೆಲ್ಲ ಸಹಿ, ಹೆಬ್ಬೆಟ್ಟು ಒತ್ತಲು ಒಪ್ಪಿದರು. ಮೊದಲು ಅವರಿಗೆ ಆ ಮರಗಳಿಂದ ಸಿಂದಿಯಾದರೂ ಸಿಗುತ್ತಿತ್ತು. ದಾರೂಬಂದಿ ಬಂದ ಮೇಲೆ ಅದೂ ನಿಂತು, ಮರದ ಮೈಮೇಲೆ ಹಳೆಯ ಕಚ್ಚುಗಳಷ್ಟೇ ಉಳಿದಿದ್ದವು. ಹೆಂಗಸರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವರು ಹೇಳುತ್ತಿರಲಿಲ್ಲ.

ಕರಡನ್ನು ನನ್ನ ಮುಂದಿಟ್ಟು, "ಚೊಕ್ಕ ಮಾಡಿ ಬರಿ. ಇದು ನಮ್ಮ ಕೂಸಿನ ಸಲುವಾಗಿ" ಎಂದರು.

ನಾನು ಬರೆದೆ. ಆ ಕಾಗದದಲ್ಲಿ ಒಂದು ಸಾಲು ಇತ್ತು: ಸದರಿ ಜವಳು ಯಾರಿಗೂ ಯಾವ ಉಪಯೋಗಕ್ಕೂ ಇಲ್ಲದ್ದಾಗಿದೆ. ಅಲ್ಲಿ ಲೆಕ್ಕಣಿಕೆ ನಿಂತಿತು. ಗಾಳಿ ಇತ್ತು, ಗರಿಯ ಸದ್ದು ಕೇಳುತ್ತಿತ್ತು. ಹೇಳಲೋ ಬೇಡವೋ ಎಂದು ಎಷ್ಟು ಹೊತ್ತು ಕೂತಿದ್ದೆನೋ. ಆಮೇಲೆ ಸಮಾಧಾನ ಮಾಡಿಕೊಂಡೆ: ಸರಕಾರದವರು ಯಾವ ಅರ್ಜಿಗೆ ಉತ್ತರ ಕೊಟ್ಟಿದ್ದಾರೆ? ಸಾಲಿಯ ಹಂಚಿಗೆ ಬರೆದ ನಾಲ್ಕು ಅರ್ಜಿ ಏನಾದವೆಂದು ದೇವರಿಗೇ ಗೊತ್ತು. ಇದೂ ಎಲ್ಲೋ ಧೂಳು ತಿನ್ನುತ್ತ ಬೀಳುತ್ತದೆ. ಹೀಗೆಂದುಕೊಂಡು ಆ ಸಾಲನ್ನೂ ದುಂಡಗೆ ಬರೆದು ಮುಗಿಸಿದೆ. ಈ ಕೈ, ಇದೇ ಬಲಗೈ ಬರೆದದ್ದು.

ಉತ್ತರ ಬರಲಿಲ್ಲ. ಮರುವರ್ಷದ ಮಳೆಗಾಲ ಬಂತು. ನಾನು ಮತ್ತೆ ಬಸಿರಾದೆ. ಹೆರಿಗೆಗೆ ತವರಿಗೆ ಕರೆದೊಯ್ಯಲು ಅಪ್ಪ ಬಂದರೆ ಒಲ್ಲೆ ಎಂದು ಹಟ ಹಿಡಿದೆ. ಕಿವಿಗೆ ಆ ಗರಿಯ ಸದ್ದು ಬೀಳದ ಕಡೆ ಹೋಗುವ ಧೈರ್ಯ ನನಗಿರಲಿಲ್ಲ. ಆಯಿಯ ಕೈಯಲ್ಲೇ ಗಂಡುಕೂಸು ಹುಟ್ಟಿತು. ಅದರ ಮೈ ಒರೆಸುತ್ತಲೇ ಅವಳು, "ಇದಕ್ಕ ಹಲ್ಲು ಬರ್ಲಿ, ತಂಗಿ. ಹೋಗೂಣು" ಎಂದಳು. ಅವತ್ತಿನಿಂದ ನಾನು ದಿನ ಎಣಿಸತೊಡಗಿದೆ.

ಮಗನಿಗೆ ಐದು ತಿಂಗಳಾದಾಗ ಕಬ್ಬಿಣದ ಸರಪಳಿ ಹಿಡಿದ ನಾಲ್ಕು ಜನ ಊರಿಗೆ ಬಂದರು. ಜವಳಿನ ಸುತ್ತ ಅಳೆದರು, ಗೂಟ ನೆಟ್ಟರು. ಸಾಲಿಯಿಂದ ನಮ್ಮವರು ಓಡುತ್ತ ಬಂದರು. ಮಗಳು ಹೋದ ಮೇಲೆ ಅವರ ಮುಖದಲ್ಲಿ ನಗು ಕಂಡದ್ದು ಅವತ್ತೇ.

"ಮಂಜೂರಾತು! ನಿನ್ನ ಅಕ್ಷರದಿಂದನ ಆತು ನೋಡು. ಸಾಹೇಬರು ಓದಿ, ಯಾರು ಬರದದ್ದು ಅಂತ ಕೇಳಿದ್ರಂತ" ಎಂದರು.

ನನಗೆ ತಲೆ ಸುತ್ತಿ ಗೋಡೆ ಹಿಡಿದು ಕೂತೆ. ಬಾಣಂತಿ ದೇಹ, ನಿತ್ರಾಣವಾಗಿದೆ ಎಂದು ಅವರು ನೀರು ತಂದುಕೊಟ್ಟರು.

ಕಾಲುವೆಯ ಕೆಲಸ ಶುರುವಾಯಿತು. ನೀರು ಹೊರಬಿದ್ದ ಮೇಲೆ ಮರ ಕಡಿಯುವುದು ಎಂದು ಗೊತ್ತಾಯಿತು. ಆವತ್ತಿನಿಂದ ನನ್ನದು ಒಂದೇ ಧ್ಯಾನ. ದಿನಾ ಮುಂಜಾನೆ ಬೆರಳು ತೊಳೆದುಕೊಂಡು ಮಗನ ಒಸಡು ತೀಡುತ್ತಿದ್ದೆ. ಮೆತ್ತಗೆ, ನುಣ್ಣಗೆ, ಏನೂ ಇಲ್ಲ. ಅದು ನಗುತ್ತಿತ್ತು, ಬೋಳು ಬಾಯಿ ತೆಗೆದು. ಆ ನಗು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಮುತ್ತಿನಂಥ ಕೂಸು ನಗುತ್ತಿದ್ದರೆ ಸಿಟ್ಟಾಗುವ ತಾಯಿ ನಾನೊಬ್ಬಳೇ ಇರಬೇಕು. ಯಾರೋ ಜೇನು ಹಚ್ಚಿದರೆ ಹಲ್ಲು ಬೇಗ ಬರುತ್ತದೆ ಎಂದರು, ಹಚ್ಚಿದೆ. ಜೋಳದ ದಂಟು ಕಡಿಯಲು ಕೊಟ್ಟೆ. ಆರು ತಿಂಗಳಾಯಿತು, ಏಳಾಯಿತು, ಎಂಟಾಯಿತು. ಕಾಲುವೆ ಜವಳಿನ ಬಾಯಿಗೆ ಬಂದು ಮುಟ್ಟಿತು.

ನೀರು ಇಳಿದ ವಾರವೇ ಕಪ್ಪೆಗಳ ದನಿ ನಿಂತಿತು. ಅದುವರೆಗೆ ಅವು ಕೂಗುತ್ತಿದ್ದವು ಎಂಬುದೇ ನನಗೆ ಗೊತ್ತಾಗಿರಲಿಲ್ಲ, ನಿಂತ ಮೇಲೆ ಗೊತ್ತಾಯಿತು. ನೆಲ ಒಣಗಿ ಬಿರುಕು ಬಿಡುವ ಹೊತ್ತಿಗೆ ಕೊಡಲಿ ಹಿಡಿದವರು ಬಂದರು. ಆ ದಿನ ನಾನು ಮಗನನ್ನು ಎತ್ತಿಕೊಂಡು ಆಯಿಯ ಮನೆಗೆ ಓಡಿದೆ.

"ಆಯಿ, ಹಲ್ಲು ಬಂತು. ನಡೀರಿ" ಎಂದೆ.

ಆಯಿ ಹೆಣೆಯುತ್ತಿದ್ದ ಚಾಪೆಯನ್ನು ಬಿಟ್ಟು ಎದ್ದು, ಕೂಸಿನ ಬಾಯಲ್ಲಿ ಬೆರಳಿಟ್ಟು ನೋಡಿದಳು. ನನ್ನ ಮುಖ ನೋಡಿದಳು.

"ಹುಚ್ಚೀ ಅದಿ ಏನ? ಯಾರಿಗೆ ಸುಳ್ಳು ಹೇಳ್ತಿ, ನನಗೋ ಆ ಕೂಸಿಗೋ? ಹಲ್ಲು ಬರೋಕಿಂತ ಮೊದಲ ನೀ ಅಲ್ಲಿ ನಿಂತ್ರ, ಅದು ನಿನ್ನ ಬೆನ್ನು ಹತ್ತಿ ಮನೀಗೆ ಬರ್ತೈತಿ. ಇದರ ಪಾಲಿನ ಹಾಲು ಕೇಳತೈತಿ. ಕೊಡ್ತೀ ಏನ?"

"ಗಿಡ ಕಡೀಲಿಕ್ಕೆ ಹತ್ಯಾರ, ಆಯಿ! ನಾಳೆ ಏನು ತೋರಸ್ತೀರಿ ನನಗ?"

"ಕಡದ್ರ ಕಡೀಲಿ. ನನ್ನ ಕಣ್ಣಾಗ ಐತಿ ಗುರ್ತು" ಎಂದಳು. ಹೇಳುವಾಗ ಕೊಡಲಿಯ ಸದ್ದು ಬರುತ್ತಿದ್ದ ಕಡೆ ನೋಡಲಿಲ್ಲ.

ಅವತ್ತು ಸಂಜೆ ನಮ್ಮವರನ್ನೇ ಬೇಡಿಕೊಂಡೆ. "ಏನ್ರಿ, ಆ ಗಿಡ ಇನ್ನೊಂದು ತಿಂಗಳ ಇರ್ಲಿ ಅಂತ ಹೇಳ್ರಿ."

"ಯಾಕ?"

"ಸುಮ್ಮನ."

"ಒಂದು ಕೂಸು ಹೋಗೇದ. ಇದಕ್ಕೂ ಜ್ವರ ಬರ್ಲೇನು?" ಎಂದರು. ನಾನು ಎದ್ದು ಒಲೆಯ ಮುಂದೆ ಹೋಗಿ ಕೂತೆ. ಆಗಲೂ ಹೇಳಬಹುದಿತ್ತು. ಮಗ ತೊಟ್ಟಿಲಲ್ಲಿ ಕೈಕಾಲು ಬಡಿಯುತ್ತ ಮಲಗಿತ್ತು, ಅದನ್ನು ನೋಡಿ ನಾಲಗೆ ಏಳಲಿಲ್ಲ.

ವಾರವಿಡೀ ಮರಗಳು ಬಿದ್ದವು. ಊರ ಹೆಂಗಸರು ಮಾಳಿಗೆ ಹತ್ತಿ ನೋಡುತ್ತಿದ್ದರು. ದಿಮ್ಮಿಗಳನ್ನು ಇಟ್ಟಂಗಿ ಭಟ್ಟಿಯವರು ಚಕ್ಕಡಿಗೆ ಹೇರಿಕೊಂಡು ಹೋದರು. ಒಂದು ದಿನ ನಮ್ಮವರು ಬಿದ್ದ ಗೀಜಗನ ಗೂಡೊಂದನ್ನು ತಂದು, ಮಗ ಆಡಲಿ ಎಂದು ತೊಟ್ಟಿಲಿಗೆ ಕಟ್ಟಿದರು. ಅವರು ಆಚೆ ಹೋದ ಮೇಲೆ ಹತ್ತಿರ ಹೋಗಿ ನೋಡಿದೆ. ಒಣಹುಲ್ಲಿನ ನಡುವೆ ನೂಲುಗಳು. ಹಸಿರು, ಕಪ್ಪು, ಮಾಸಿದ ಕೆಂಪು. ಕೆಂಪು ನನ್ನದೋ ಇನ್ನೊಬ್ಬಳದೋ ಹೇಗೆ ಹೇಳಲಿ? ಮಗ ಕೈಚಾಚಿ ಅದನ್ನು ತೂಗಿ ಕೇಕೆ ಹಾಕುತ್ತಿತ್ತು. ನಾನು ಅದನ್ನು ಬಿಚ್ಚಿ ಟ್ರಂಕಿನ ತಳದಲ್ಲಿಟ್ಟೆ.

ಕೊನೆಯ ಮರ ಬಿದ್ದ ಮರುದಿನ ಮಧ್ಯಾಹ್ನ ಮಗನಿಗೆ ಗಂಜಿ ತಿನ್ನಿಸುತ್ತಿದ್ದೆ. ಬೆಳ್ಳಿಯ ಚಮಚ ಬಾಯಲ್ಲಿ ಟಿಕ್ ಎಂದಿತು. ನಾನು ಮತ್ತೆ ತಾಗಿಸಿದೆ. ಟಿಕ್. ಕೆಳ ಒಸಡಿನಲ್ಲಿ ಅಕ್ಕಿಯ ನುಚ್ಚಿನಷ್ಟು ಬಿಳಿ. ಒಂದೇ ದಿನ, ನೋಡಿರಿ! ಒಂದೇ ದಿನ ಮೊದಲು ಬಂದಿದ್ದರೆ! ಸಂತೋಷಪಡಬೇಕಾದ ತಾಯಿ ನಾನು ಚಮಚವನ್ನು ಗೋಡೆಗೆ ಬೀಸಿ ಎಸೆದೆ.

ಮಗನನ್ನು ಎದುರುಮನೆಯವಳ ಹತ್ತಿರ ಬಿಟ್ಟು ಆಯಿಯನ್ನು ಕರೆದೆ. ಅವಳು ಕೋಲೂರಿಕೊಂಡು ಮುಂದೆ ನಡೆದಳು, ನಾನು ಹಿಂದೆ. ಜವಳು ಬಯಲಾಗಿತ್ತು. ಬಿರಿದ ಕಪ್ಪು ನೆಲ, ಅದರ ತುಂಬ ಮೊಣಕಾಲೆತ್ತರದ ಬೊಡ್ಡೆಗಳು. ಈಚಲದ ತಲೆ ಹೋದರೆ ಮುಗಿಯಿತು, ಅದು ಬೇರೆ ಮರದ ಹಾಗೆ ಮತ್ತೆ ಚಿಗುರುವುದಿಲ್ಲ. ಆಯಿ ಎಂದಿನಂತೆ ಸರಸರ ನಾಲ್ಕು ಹೆಜ್ಜೆ ಹೋಗಿ, ನಿಂತು, ರೂಢಿಯಂತೆ ತಲೆಯೆತ್ತಿ ಮೇಲೆ ನೋಡಿದಳು. ಮೇಲೆ ಬರಿ ಆಕಾಶ. ಅವಳು ಹಾಗೇ ನಿಂತಳು. ಆಮೇಲೆ ತಲೆ ತಗ್ಗಿಸಿ, ಒಂದು ಹಾಸುಗಲ್ಲಿನ ಪಕ್ಕದಲ್ಲಿದ್ದ ಸೀಳುಬಿಟ್ಟ ಬೊಡ್ಡೆಯ ಹತ್ತಿರ ಹೋದಳು.

"ಇದ" ಎಂದಳು.

ಕೂತೆ. ಕುಪ್ಪಸ ಬಿಚ್ಚಿ ಬುಡಕ್ಕೆ ಹಾಲು ಹಿಂಡಿದೆ. ಒಣಮಣ್ಣು ಒಂದು ಹನಿಯನ್ನೂ ಬಿಡದೆ ಹೀರಿತು. ಕುಡಿತಾಳೆ, ಕುಡಿತಾಳೆ ಎನಿಸಿತು. ಅತ್ತೆ. ಎಷ್ಟು ಅತ್ತೆನೆಂದರೆ ಆಯಿ ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು, "ಸಾಕು ನನ್ನವ್ವ, ಸಾಕು. ಅದರ ಹೊಟ್ಟಿ ತುಂಬಿತು" ಎಂದಳು. ಎರಡೂವರೆ ವರ್ಷದಲ್ಲಿ ಮೊದಲ ಸಲ ನನ್ನ ಎದೆ ಹಗುರಾಯಿತು. ಮನೆಗೆ ಬಂದು ಮಗನನ್ನು ಮುದ್ದಾಡಿದೆ, ಎಸೆದ ಚಮಚವನ್ನು ಹುಡುಕಿ ತೊಳೆದಿಟ್ಟೆ.

ನಾಲ್ಕು ದಿನ ಕಳೆದವು. ಎದುರುಮನೆಯವಳಿಗೂ ಹಿಂದೆ ಒಂದು ಕೂಸು ಹೋಗಿತ್ತು. ಈಗಿನದಕ್ಕೆ ಅದೇ ವಾರ ಹಲ್ಲು ಬಂದಿತ್ತು. ಆಯಿಯ ಜೊತೆ ಹೋಗಿಬಂದವಳೇ ನಮ್ಮ ಕಟ್ಟೆಯ ಮೇಲೆ ಕುಸಿದು ಕೂತು ಕಣ್ಣೊರೆಸಿಕೊಂಡಳು.

"ನಂದೂ ಸಿಕ್ತು, ಅಕ್ಕಾರ. ಹಾಸುಗಲ್ಲಿನ ಬಾಜೂಕ ಐತಲ್ರಿ, ಬೊಡ್ಡಿ ಸೀಳಿದ್ದು, ಅದ ನಮ್ಮ ಕೂಸಿನ ಗಿಡ" ಎಂದಳು.

ನನ್ನ ಬಾಯಿಂದ "ಚಲೋ ಆತು ಬಿಡವ್ವ" ಎಂಬ ಮಾತು ಬಂತು. ಅದು ಹೇಗೆ ಬಂತೋ! ಅವಳು ಎದ್ದು ಹೋದ ಮೇಲೆ, ನಿದ್ದೆಹೋಗಿದ್ದ ಮಗನನ್ನು ತೊಟ್ಟಿಲಲ್ಲೇ ಬಿಟ್ಟು ಸೀದಾ ಆಯಿಯ ಮನೆಗೆ ಹೋದೆ. ಕೊಯ್ಯಲು ಗರಿ ಇಲ್ಲದೆ ಅವಳು ಇಳಕಲ್ಲಿಗೆ, ತಂಗಿಯ ಮನೆಗೆ ನೂಲು ಸುತ್ತುವ ಕೆಲಸಕ್ಕೆ ಹೊರಟು ಗಂಟು ಕಟ್ಟುತ್ತಿದ್ದಳು.

"ಖರೆ ಹೇಳ್ರಿ ಆಯಿ, ಅದು ಯಾರ ಗಿಡ? ನಂದೋ, ಆಕೀದೋ?"

ಅವಳು ಗಂಟು ಬಿಗಿಯುವುದನ್ನು ನಿಲ್ಲಿಸಲಿಲ್ಲ. "ಗುರ್ತೆಲ್ಲ ತಲಿ ಮ್ಯಾಲಿತ್ತು ತಂಗಿ, ಬುಡದಾಗ ಇರ್ಲಿಲ್ಲ. ಬುಡ ಎಲ್ಲಾ ಒಂದ ನಮೂನಿ ಅದಾವು. ತುಂಬಿದ ಎದಿ ಹೊತ್ತುಕೊಂಡು ಬಂದಿದ್ರಿ ಇಬ್ಬರೂ. ಗೊತ್ತಿಲ್ಲ ಅಂತ ಹೆಂಗ ಹೇಳ್ಲಿ ನಾ?" ಎಂದಳು. ಆಮೇಲೆ ಮುಖ ಎತ್ತಿದಳು. "ನಿನ್ನ ಗಂಡ ಅರ್ಜಿ ಬರದಾನ ಅಂತ ಕೇಳೇನಿ. ನೀ ಒಂದು ಮಾತು ಅವಗ ಹೇಳ್ಬೇಕಿತ್ತು."

"ನೀವ ಹೇಳಬ್ಯಾಡ ಅಂದಿದ್ರಿ!" ಎಂದು ಕೂಗಿದೆ.

"ಹೌದು. ನಾ ಅಂದಿದ್ದೆ" ಎಂದಳು.

ಅಲ್ಲಿಂದ ಮನೆಗೆ ಹೋಗಲಿಲ್ಲ. ಹಾಡುಹಗಲು, ಬಿಸಿಲು ಉರಿಯುತ್ತಿತ್ತು. ಬಯಲಿಗೆ ಹೋಗಿ ಮೊದಲ ಬೊಡ್ಡೆಯ ಬುಡದಲ್ಲಿ ಕೂತು ಹಾಲು ಹಿಂಡಿದೆ. ಎದ್ದು ಎರಡನೆಯದಕ್ಕೆ ಹೋದೆ. ಒಂದರಲ್ಲಿ ಇದ್ದೇ ಇದ್ದಾಳೆ, ಎಲ್ಲಕ್ಕೂ ಹಾಕಿದರೆ ಅವಳಿಗೂ ಮುಟ್ಟುತ್ತದೆ ಎಂಬ ಲೆಕ್ಕ. ಮೊದಲ ಮೂರಕ್ಕೆ ಎರಡೆರಡು ಧಾರೆ, ಆಮೇಲೆ ಒಂದೊಂದು, ಆಮೇಲೆ ಹನಿ. ಹದಿನಾರನೆಯದೋ ಹದಿನೇಳನೆಯದೋ ಇರಬೇಕು, ಎಷ್ಟು ಹಿಂಡಿದರೂ ಒಂದು ಹನಿಯೂ ಬರಲಿಲ್ಲ. ಮುಂದೆ ನೋಡಿದರೆ ಗುಡ್ಡದ ಬುಡದವರೆಗೂ ಬೊಡ್ಡೆಗಳೇ.

ನಮ್ಮವರು ಮಗನನ್ನು ಎತ್ತಿಕೊಂಡು ಹುಡುಕುತ್ತ ಬಂದದ್ದು ಆಗ. ಮಗ ಹಸಿದು ಚೀರುತ್ತಿತ್ತು. ನನ್ನ ಬಿಚ್ಚಿದ ಕುಪ್ಪಸ, ಮಣ್ಣಾದ ಸೀರೆ ನೋಡಿ ಅವರು ಗಾಬರಿಯಾದರು.

"ಏನಾತು? ಇಲ್ಲೇನು ಮಾಡ್ಲಿಕ್ಕೆ ಹತ್ತೀ?"

ಮಗನ ಬಾಯಲ್ಲಿ ಹಲ್ಲು ಮೂಡಿತ್ತು. ಇನ್ನು ಹೇಳಬಾರದೆನ್ನಲು ಕಾರಣ ಇರಲಿಲ್ಲ. ಎಲ್ಲ ಹೇಳಿದೆ. ಚಾಪೆ, ದಡಿ, ಆಯಿಯ ಕಾಲಿನ ಕೆಸರು, ಅರ್ಜಿಯ ಆ ಸಾಲು ಬರೆಯುವಾಗ ನಿಂತ ಲೆಕ್ಕಣಿಕೆ. ಓಡಿಬಂದ ದಣಿವಿಗೆ ಅವರು ಹತ್ತಿರದ ಬೊಡ್ಡೆಯ ಮೇಲೆ ಕೂಡಲು ಬಗ್ಗಿದ್ದವರು, ಅರ್ಧಕ್ಕೇ ನಿಂತರು.

"ಹೊಳ್ಯಾಗ ಅಲ್ಲೇನು?" ಎಂದು ಕೇಳಿದರು.

"ಅಲ್ಲ."

"ಯಾವುದು?"

"ಗೊತ್ತಿಲ್ಲ."

ಅವರು ಕೂಡಲಿಲ್ಲ. ಚಪ್ಪಲಿ ಕಳೆದು ಕೈಯಲ್ಲಿ ಹಿಡಿದುಕೊಂಡರು. ಸುತ್ತ ನೋಡಿದರು, ಬಂದ ದಾರಿಯನ್ನು ನೋಡಿದರು, ಒಂದು ಕಾಲೆತ್ತಿದವರು ಅದನ್ನು ನೆಲಕ್ಕೆ ಊರಲಾರದೆ ನಿಂತರು.

"ನಾ ಎಲ್ಲಿ ಕಾಲಿಡ್ಲಿ?" ಎಂದು ನನ್ನನ್ನು ಕೇಳಿದರು.

ನಾನು ಎದ್ದೆ. ಚೀರುತ್ತಿದ್ದ ಮಗನನ್ನು ಅವರ ಕೈಯಿಂದ ಇಸಿದುಕೊಂಡು ಬರಿದಾದ ಎದೆಗೆ ಹಾಕಿಕೊಂಡೆ. ಗಾಳಿ ಬೀಸುತ್ತಿತ್ತು, ಸದ್ದು ಮಾಡಲು ಅಲ್ಲಿ ಒಂದು ಗರಿಯೂ ಇರಲಿಲ್ಲ. ನಾವಿಬ್ಬರೂ ನಿಂತಲ್ಲೇ ನಿಂತಿದ್ದೆವು.